ಗೀಜಗದ ಗಂಡನ ಹೆಸರು

ದೂರದ ದ್ವೀಪ ಸೇರಿದ್ದ ಗಂಡನ ಬಳಿಗೆ ಹೋಗಲು ಹೆಣ್ಣು ಗೀಜಗವೊಂದು ಅರ್ಜಿ ಹಿಡಿದು ಬಂತು. ಅಧಿಕಾರಿ ಕೊಕ್ಕರೆಗೆ ಅದರ ಮಾತು ತಿಳಿಯದು. ನಡುವೆ ದುಭಾಷಿಯಾಗಿ ಗೊರವಂಕ ಕೂತಿತ್ತು.

"ಗಂಡನ ಹೆಸರೇನು?" ಎಂದಿತು ಕೊಕ್ಕರೆ.

ಗೀಜಗ ನಾಚಿತು. "ಅವರ ಹೆಸರನ್ನು ನಾನು ಬಾಯಿಬಿಟ್ಟು ಹೇಳುವುದುಂಟೇ? ಜಾಲಿಮರದ ತುದಿಯಲ್ಲಿ ನನಗೆ ಗೂಡು ನೇಯ್ದವರು. ಎಡಗಾಲು ಸ್ವಲ್ಪ ಕುಂಟು."

ಗೊರವಂಕ ಕೊಕ್ಕರೆಗೆ ತಿಳಿಸಿತು: "ಗೊತ್ತಿಲ್ಲವಂತೆ."

"ಹಾಗಾದರೆ ಮದುವೆಯೇ ಸುಳ್ಳು!" ಕೊಕ್ಕರೆ ಅರ್ಜಿ ಹರಿದು ಹಾಕಿತು.

ಗೀಜಗ ದಂಗಾಗಿ ಗೊರವಂಕದತ್ತ ತಿರುಗಿತು. "ಅಕ್ಕಾ, ಅಷ್ಟೆಲ್ಲ ಹೇಳಿದೆನಲ್ಲ!"

"ಅವರು ಕೇಳಿದ್ದು ಹೆಸರು. ನೀನು ಹೇಳಲಿಲ್ಲ."

"ನೀವೂ ನಮ್ಮ ಕಡೆಯವರೇ. ನಿಮ್ಮ ಗಂಡನ ಹೆಸರು ಹೇಳಿ, ನೋಡೋಣ."

ಗೊರವಂಕ ತಲೆ ತಗ್ಗಿಸಿ, "ನಮ್ಮ ಮನೆಯವರು..." ಎಂದಿತು.