ಏರಿ ಎಷ್ಟು ಎತ್ತರ?

“ಅರಳಿಗಟ್ಟೆ ಸೀಮೆಯ ಪ್ರಜೆಗಳೇ, ಕೇಳಿ! ರಾಣಿ ಹೊನ್ನಾಂಬಿಕೆಯವರ ಮೂರು ಒಗಟು ಬಿಡಿಸಿದವರಿಗೆ ಹೊಳೆಯ ಏರಿ ಕಟ್ಟಿಸುವ ಅಧಿಕಾರ, ಜೊತೆಗೆ ಉಗ್ರಾಣದ ಬೀಗದಕೈ. ಊರಿನ ಜೀವ ಕೈಗೆ ತೆಗೆದುಕೊಳ್ಳುವವರು ತಮ್ಮ ಜೀವವನ್ನು ಒತ್ತೆಯಿಡಬೇಕು. ತಪ್ಪಿದರೆ ತಲೆ ಹೋಗುತ್ತದೆ!”

ಡಂಗುರ ಕೇಳಿದ ಅಂಬಿಗ ಹುಲುಗ ಹರಿಗೋಲನ್ನು ದಡಕ್ಕೆಳೆದು ಹಾಕಿದ. ಹೋದ ವರ್ಷದ ನೆರೆಯಲ್ಲಿ ಅದರೊಳಗೆ ಎಂಟೇ ಜನ ಹಿಡಿಸಿದ್ದರು. ಒಂಬತ್ತನೆಯವಳಾಗಿ ಮಾಳಿಗೆಯ ಮೇಲೆ ಉಳಿದವಳು ಅವನ ತಂಗಿ. ಅವನು ತಿರುಗಿ ಹೋಗುವಷ್ಟರಲ್ಲಿ ಮಾಳಿಗೆಯೇ ಇರಲಿಲ್ಲ.

ಅವನು ಹೋದಾಗ ಅರಮನೆಯಲ್ಲಿ ಆಗಲೇ ಇಬ್ಬರು ನಿಂತಿದ್ದರು, ಜೋಯಿಸ ನಾಗದೇವ ಮತ್ತು ಕಲ್ಲುಕೆಲಸದ ಮುಖ್ಯಸ್ಥ ಬಾಚರಸ. ಪಕ್ಕದಲ್ಲಿ ಕತ್ತಿ ಹಿಡಿದ ತಳವಾರ.

ರಾಣಿ ಕೇಳಿದಳು: “ಬರುವುದು ಖಂಡಿತ, ಬರುವ ದಿನ ಯಾರಿಗೂ ಗೊತ್ತಿಲ್ಲ. ಕರೆಯದೆ ಮನೆಗೆ ನುಗ್ಗುತ್ತದೆ, ಹೋಗುವಾಗ ಹೊಲಕ್ಕೆ ಕೊಟ್ಟು ಹೋಗುತ್ತದೆ. ಏನದು?”

“ಸಾವು,” ಎಂದ ಜೋಯಿಸ ಥಟ್ಟನೆ.

“ಸಾವು ಯಾರ ಹೊಲಕ್ಕೆ ಏನು ಕೊಟ್ಟಿದೆ?”

ತಳವಾರ ಜೋಯಿಸನ ತೋಳು ಹಿಡಿದು ಪಕ್ಕಕ್ಕೆಳೆದ.

ಹುಲುಗ ಬಾಯಿಬಿಟ್ಟ. “ನೆರೆ, ತಾಯಿ. ನಮ್ಮ ಮನೆ ಹೊತ್ತುಕೊಂಡು ಹೋಯ್ತು, ಹೊಲದಲ್ಲಿ ಮೊಣಕಾಲುದ್ದ ಮೆಕ್ಕಲುಮಣ್ಣು ಬಿಟ್ಟು ಹೋಯ್ತು.”

ರಾಣಿ ಎರಡನೆಯದನ್ನು ಕೇಳಿದಳು: “ಕಟ್ಟಿದರೆ ಜನ ದಂಡ ಎನ್ನುತ್ತಾರೆ. ಕಟ್ಟದಿದ್ದರೆ ಅದೇ ಜನ ದಂಡ ತೆರುತ್ತಾರೆ.”

“ಏರಿ. ನೆರೆ ಬಾರದ ವರ್ಷ ಅದು ಕೂಲಿಯ ಕಾಳು ತಿಂದ ಮಣ್ಣುಗುಡ್ಡೆ. ಬಂದ ವರ್ಷ ಅದಿಲ್ಲದಿದ್ದರೆ, ನಾವೇ ಇಲ್ಲ.”

ರಾಣಿ ತಲೆದೂಗಿದಳು. “ನೀರು ಎಂದೆಂದೂ ದಾಟದ ಏರಿ ಎಷ್ಟು ಎತ್ತರ?”

ಬಾಚರಸ ಮುನ್ನುಗ್ಗಿದ. “ಹೋದ ಸಲದ ನೀರು ಹತ್ತು ಮೊಳ. ಹನ್ನೆರಡು ಸಾಕು, ಮಹಾರಾಣಿ.”

“ಹದಿಮೂರು ಬಂದರೆ?”

“ಹಾಗಾದರೆ ಮೂವತ್ತು!”

“ಮೂವತ್ತು ಮೊಳ ಕಟ್ಟಿದ ವರ್ಷ ಜನ ಏನು ತಿನ್ನಬೇಕು?”

ಬಾಚರಸನ ತೋಳಿಗೂ ತಳವಾರನ ಕೈ ಬಿತ್ತು. ಹುಲುಗನಿಗೆ ಏನಾದರೊಂದು ಲೆಕ್ಕ ಹೇಳಿಬಿಡಲೇ ಎನಿಸಿತು. ಹೇಳಲು ಮನಸ್ಸು ಬರಲಿಲ್ಲ.

“ಅಂಥ ಏರಿ ಇಲ್ಲ, ತಾಯಿ.”

“ಇಲ್ಲವೆನ್ನಲು ಇಲ್ಲಿಯತನಕ ಬಂದೆಯಾ?” ಕತ್ತಿ ಮೇಲೆದ್ದಿತು.

“ಎಷ್ಟು ನೀರು ಬರುತ್ತೋ ನನಗೂ ಗೊತ್ತಿಲ್ಲ. ಉಗ್ರಾಣದ ಒಂದು ಪಾಲು ಊಟಕ್ಕಿರಲಿ. ಒಂದು ಪಾಲಿನಲ್ಲಿ ಹನ್ನೆರಡು ಮೊಳದ ಏರಿ ಕಟ್ಟೋಣ. ಇನ್ನೊಂದರಲ್ಲಿ ಕೇರಿಗೊಂದು ದಿಬ್ಬ, ದಿಬ್ಬಕ್ಕೆ ನಾಲ್ಕು ಹರಿಗೋಲು. ಏರಿ ದಾಟಿದ ದಿನ ಮನೆ ಹೋಗುತ್ತೆ, ಜನ ಉಳೀತಾರೆ.”

“ನನ್ನ ಕಾಲದಲ್ಲಿ ನೆರೆಯೇ ಬಾರದಿದ್ದರೆ?”

“ಜನ ನಮ್ಮಿಬ್ಬರನ್ನೂ ಬೈತಾರೆ. ಬೈಸಿಕೊಳ್ಳೋಣ.”

ರಾಣಿ ಸೊಂಟದ ಬೀಗದಕೈ ಬಿಚ್ಚಿ ತಾನೇ ಅವನ ಕೈಗಿಟ್ಟಳು. “ಇನ್ನೇನು ಬೇಕು, ಕೇಳು.”

“ಇವರಿಬ್ಬರ ಜೀವ.”

“ಅವರು ತಪ್ಪಿದವರು.”

“ನಾಳೆ ನಾನೂ ತಪ್ಪಬಹುದು, ತಾಯಿ. ತಪ್ಪಿದವರ ತಲೆ ಹೋಗುವ ಊರಲ್ಲಿ ‘ಗೊತ್ತಿಲ್ಲ’ ಅಂತ ನಿಮಗೆ ಯಾರು ಹೇಳ್ತಾರೆ?”

ರಾಣಿ ಕೈಸನ್ನೆ ಮಾಡಿದಳು. ಕತ್ತಿ ಒರೆ ಸೇರಿತು.

ಮರುದಿನ ಬೆಳಿಗ್ಗೆ ಬಾಚರಸ ಹೊಳೆದಂಡೆಯಲ್ಲಿ ಹಗ್ಗ ಹಿಡಿದು ಮೊಳ ಅಳೆಯುತ್ತಿದ್ದ. ಜೋಯಿಸ ಗೊಣಗಿಕೊಂಡೇ ಮೊದಲ ಮಣ್ಣಿನ ಬುಟ್ಟಿಯನ್ನು ಹುಲುಗನ ತಲೆಗೆ ಏರಿಸಿದ.