ಎಲೆಯ ಮರೆಯ ಕಾಲು

ಕೆರೆ ದಂಡೆಯಲ್ಲಿ ಕಪ್ಪೆಯ ಚಿತ್ರ ಬರೆಯುತ್ತಿದ್ದ ಮೋಟು ಪೆನ್ಸಿಲ್ಲನ್ನು ನೋಡಿ ಕ್ಯಾಮೆರಾ ನಕ್ಕಿತು.

"ಕಣ್ಣು ಮಿಟುಕಿಸುವುದರೊಳಗೆ ನಾನು ರಾಶಿ ಚಿತ್ರ ತೆಗೆದೆ. ಬೆಳಗಿನಿಂದ ಕೂತರೂ ನಿನಗೆ ಒಂದು ಕಪ್ಪೆ ಮುಗಿದಿಲ್ಲ. ಕಪ್ಪೆಗಳ ಪುಸ್ತಕಕ್ಕೆ ಇನ್ನು ನಾನೇ ಸಾಕು, ನೀನು ಕಸದ ಬುಟ್ಟಿ ಸೇರು."

ಪೆನ್ಸಿಲ್ಲಿಗೆ ಮೈಯೆಲ್ಲ ಉರಿಯಿತು. "ಸೇರಿದರಾಯಿತು. ಮೊದಲು ಹೇಳು, ಈ ಕಪ್ಪೆಯ ಹಿಂಗಾಲಿನ ಬೆರಳುಗಳ ನಡುವೆ ಪೊರೆ ಇದೆಯೋ ಇಲ್ಲವೋ? ಇದು ಯಾವ ಜಾತಿಯೆಂದು ಗೊತ್ತಾಗುವುದೇ ಅದರಿಂದ."

ಕ್ಯಾಮೆರಾ ತನ್ನ ಚಿತ್ರಗಳನ್ನೆಲ್ಲ ಜಾಲಾಡಿತು. "ಎಲ್ಲದರಲ್ಲೂ ಕಾಲಿಗೆ ಎಲೆ ಅಡ್ಡ ಬಂದಿದೆ," ಎಂದು ಗೊಣಗಿತು.

"ನನಗೂ ಬಂದಿತ್ತು. ಕಪ್ಪೆ ಕಾಲು ಚಾಚುವವರೆಗೂ ಕಾದು ನೋಡಿದೆ," ಎಂದಿತು ಪೆನ್ಸಿಲ್. "ಈಗ ಆಚೆ ಸರಿ. ಪೊರೆ ಬರೆಯುವುದು ಬಾಕಿಯಿದೆ, ನೀನು ಬೆಳಕಿಗೆ ಅಡ್ಡ ನಿಂತಿದ್ದೀಯ!"