ದುರ್ಗಮ್ಮ ಕೊಯ್ದು ನೋಡಿದ ಬಂಗಡೆ

ಒಂದಾನೊಂದು ಕಾಲದಲ್ಲಂತೆ ಪುಟ್ಟಿ, ಕಡಲ ದಂಡೆಯಲ್ಲಿ ದುರ್ಗಮ್ಮ ಅಂತ ಒಬ್ಬಳು ಇದ್ದಳಂತೆ. ಅವಳಿಗೆ ಮಂಕಾಳ, ಜಟ್ಟ, ಕುಪ್ಪ ಅಂತ ಮೂರು ಗಂಡುಮಕ್ಕಳು, ಮೂವರಿಗೂ ಸೇರಿ ಒಂದು ದೋಣಿ, ಒಂದು ಕೈರಂಪಣಿ ಬಲೆ. ಒಬ್ಬ ದೋಣೀಲಿ ಹೋಗಿ ಬಲೆ ಸುತ್ತು ಹಾಕೋದು, ಇಬ್ಬರು ದಡದಲ್ಲಿ ನಿಂತು ಆ ಕಡೆ ಈ ಕಡೆ ಹಗ್ಗ ಎಳೆಯೋದು. ತುಂಡು ತುಂಡು ಸೇರಿಸಿ ಹೊಲಿದ ಬಲೆ ಅದು. ಅಣ್ಣತಮ್ಮಂದಿರು ಬೇರೆಯಾದ್ರೆ ಹೊಲಿಗೆ ಬಿಚ್ಚಿ ತುಂಡು ಹಂಚ್ಕೊಳ್ಳೋದು ಅಲ್ಲಿಯ ಕ್ರಮ.

ಒಂದು ವರ್ಷ ಮಳೆಗಾಲ ಕಳೀತು, ನೂಲ ಹುಣ್ಣಿಮೆಗೆ ಕಡಲಿಗೆ ಹಾಲು ಹುಯ್ದದ್ದೂ ಆಯ್ತು, ಬಲೆಗೆ ಮೀನೇ ಇಲ್ಲ! ನಿನ್ನ ಕೈಗುಣ ಸರಿಯಿಲ್ಲ ಅಂತ ಇವನು, ನಿನ್ನ ಸೋಮಾರಿತನ ಅಂತ ಅವನು, ಆಮೇಲೆ ಮೂವರೂ ಬಂದು, ಅಬ್ಬೆ, ಬಲೆ ಬಿಚ್ಚಿಬಿಡ್ತೇವೆ, ನಮ್ಮ ನಮ್ಮ ದಾರಿ ನಮಗೆ ಅಂದರಂತೆ. ದುರ್ಗಮ್ಮ ಮೂವರನ್ನೂ ಹತ್ತಿರ ಕೂರಿಸಿಕೊಂಡಳು. ಅಯ್ಯೋ ಮಕ್ಕಳೇ, ಒಬ್ಬೊಬ್ಬರು ಒಂದೊಂದು ಸಲ ಜಾಗ ಹುಡುಕಿ, ಆಮೇಲೂ ಸಿಗದಿದ್ರೆ ಬಿಚ್ಚಿ ಅಂದಳಂತೆ. ಹೂಂ ಅನ್ನೇ ಪುಟ್ಟಿ, ಆಗಲೇ ನಿದ್ದೆಯಾ?

ದೊಡ್ಡವ ಮಂಕಾಳ ಬಂಡೆಯಾಚೆ ತಿಳಿನೀರಲ್ಲಿ ಬಲೆ ಹಾಕಿಸಿದ. ಏನೂ ಇಲ್ಲ, ಬಲೆ ತೊಳೆದಿಟ್ಟ ಹಾಗೆ ಬಂತಂತೆ. ಆಮೇಲೆ ಜಟ್ಟ ಅದಕ್ಕಿಂತ ತಿಳಿನೀರು ಹುಡುಕಿದ, ಸಿಕ್ಕಿದ್ದು ಒಂದೇ ಒಂದು ಬಡಕಲು ಬಂಗಡೆ. ತಿಳಿನೀರಾದ್ರೆ ಬಲೆ ಹೊಲಸಾಗಲ್ಲ ನೋಡು, ತೊಳೆಯೋ ಕೆಲಸ ಇಲ್ಲ, ಅದಕ್ಕೇ ಅಲ್ಲಿಗೇ ಓಡೋದು, ಪೆದ್ದು ಮುಂಡೇವು!

ದುರ್ಗಮ್ಮ ಆ ಬಂಗಡೆ ಕೊಯ್ದು ನೋಡ್ತಾಳಂತೆ, ಹೊಟ್ಟೆ ಖಾಲಿ! ಒಳ್ಳೆ ವರ್ಷದಲ್ಲಿ ಕೊಯ್ದರೆ ಒಳಗೆ ಹಸಿರು ಹಿಟ್ಟು ತುಂಬಿರ್ತಿತ್ತು, ಬೆರಳಿಗೆಲ್ಲ ಮೆತ್ತಿಕೊಳ್ತಿತ್ತು. ಅಯ್ಯೋ ಪಾಪ, ನಿನಗೂ ಊಟ ಇಲ್ವಾ ಅಂತ ಮರುಗಿದಳಂತೆ. ಆ ಹಿಟ್ಟು ಏನು ಅಂತೀಯಾ? ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಕಣೇ. ಮಳೆಗಾಲದ ಅಲೆ ಕಡಲ ತಳ ಕಲಕಿ, ಹೊಳೆ ಒಳ್ಳೆ ಮಣ್ಣು ತಂದುಹಾಕಿ, ಆಮೇಲೆ ಬಿಸಿಲು ಬಿದ್ದರೆ ನೀರಲ್ಲೇ ಹುಟ್ಟೋದು. ಅದನ್ನ ಸಣ್ಣ ಸಣ್ಣ ಹುಳ ತಿನ್ನತ್ತೆ, ಎರಡನ್ನೂ ಬಂಗಡೆ ತಿನ್ನತ್ತೆ. ಆ ಪಾಚಿ ಹುಲುಸಾದ ವರ್ಷ ಮೀನಿನ ಮರಿಗಳೆಲ್ಲ ಬದುಕಿಕೊಳ್ತಾವೆ, ಇಲ್ಲದ ವರ್ಷ ಪಾಪ ಉಪವಾಸ. ಆ ವರ್ಷ ಮಳೆ ತಡವಾಗಿ, ಹಸಿರು ಎದ್ದಿದ್ದು ಹೊಳೆ ಕಡಲು ಸೇರೋ ಅಳಿವೆಯಲ್ಲಿ ಮಾತ್ರ ಅಂತೆ.

ಕುಪ್ಪಾ, ಅಳಿವೆ ನೀರು ಹಸಿರುಗಟ್ಟಿದೆಯಲ್ಲ, ಅಲ್ಲಿ ಹಾಕು ಅಂದಳಂತೆ ದುರ್ಗಮ್ಮ. ಥೂ, ಆ ಲೋಳೆ ನೀರಲ್ಲಿ ಹಾಕೋದಾ, ಬಲೆ ತೊಳೆಯೋರು ಯಾರು ಅಂದರು ಅಣ್ಣಂದಿರು. ನಾನು ತೊಳೀತೇನೆ ಕಣ್ರೋ, ನೀವು ಹಗ್ಗ ಹಿಡೀರಿ ಅಂತ ಗದರಿದಳಂತೆ.

ಕುಪ್ಪ ಸುತ್ತು ಹಾಕಿದ, ಅಣ್ಣಂದಿರು ಎಳೀತಾರೆ, ಎಳೀತಾರೆ, ಬಲೆ ಬರೋದೇ ಇಲ್ಲ! ಜಟ್ಟನ ಕೈಯಿಂದ ಹಗ್ಗ ಜಾರಿತು. ಬಿಡಬೇಡವೋ ತಮ್ಮಾ ಅಂತ ಮಂಕಾಳ ಕೂಗಿದ, ಕುಪ್ಪ ದೋಣಿಯಿಂದ ಹಾರಿ ಬಂದು ಜಟ್ಟನ ಹಗ್ಗ ಹಿಡಿದ, ದುರ್ಗಮ್ಮನೂ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಂಕಾಳನ ಹಿಂದೆ ನಿಂತಳಂತೆ. ಬಂತು ನೋಡು, ಬಂಗಡೆ ಅಂದ್ರೆ ಬಂಗಡೆ, ದಡವೆಲ್ಲ ಪಟಪಟ ಪಟಪಟ!

ಆಮೇಲೆ ನಾಲ್ಕೂ ಜನ ಸೇರಿ ಬಲೆಯ ಲೋಳೆ ತೊಳೆದು, ಸಂಜೆ ಉಣ್ಣೋಕೆ ಕೂತರಂತೆ. ದುರ್ಗಮ್ಮ ಬೇಕಂತಲೇ ಕೇಳಿದಳು, ಬಲೆ ಬಿಚ್ಚೋದು ನಾಳೆಯೋ ನಾಡಿದ್ದೋ? ಮಂಕಾಳ ಮೆಲ್ಲಗೆ, ನಿನಗೆ ಬೇರೆ ಕೆಲಸ ಇಲ್ವಾ ಅಬ್ಬೆ, ತಮ್ಮಂದಿರಿಗೆ ಸಾರು ಬಡಿಸು ಅಂದನಂತೆ. ಸೌಟು ಹಿಡಿದುಕೊಂಡೇ ದುರ್ಗಮ್ಮ ಖುಷಿಗೆ ಅತ್ತುಬಿಟ್ಟಳಂತೆ.

ಕತೆ ಮುಗೀತು, ಇನ್ನು ಕಣ್ಣು ಮುಚ್ಚು ನನ್ನ ಬಂಗಾರ.